ಗಂಟು ಕರಗುತ್ತೆ, ಒರತೆ ಉಳಿಯುತ್ತೆ: ನಮ್ ಸೀಮೇಲಿ ಪಿಂಚಣಿ ಬಂದ ಕಥೆ

ನಮ್ಮನೆಯವರು ರಿಟೈರಾಗೋಕೆ ಇನ್ನು ಮೂರೇ ವರ್ಷ. 1994ರಲ್ಲಿ ಸರ್ಕಾರಿ ಹೈಸ್ಕೂಲಿಗೆ ಗುಮಾಸ್ತರಾಗಿ ಸೇರಿದೋರು. ನಮ್ ಮೈದುನ ಮೇಷ್ಟ್ರು, ಅವರು ಸೇರಿದ್ದು 2007ರಲ್ಲಿ. ನನ್ ತಂಗೀನ ಕೊಟ್ಟಿರೋದು ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಮನೆಗೆ. ಅಲ್ಲಿ ತಿಂಗಳ ಸಂಬಳಾನೂ ಇಲ್ಲ, ರಿಟೈರಾಗೋದೂ ಇಲ್ಲ. ಯುಗಾದಿ ಬಂದ್ರೆ ನಾನು, ನಮ್ ಓರಗಿತ್ತಿ, ನನ್ ತಂಗಿ ಮೂರು ಜನಾನೂ ಒಂದೇ ಒಲೆ ಮುಂದೆ ಕೂತು ಒಬ್ಬಟ್ಟು ತಟ್ತೀವಿ. ಆದ್ರೆ ಮೂರು ಜನದ ಮುಪ್ಪಿನ ಲೆಕ್ಕಾನೂ ಬೇರೆ ಬೇರೆ. ಯಾಕೆ ಹಿಂಗೆ ಬೇರೆ ಆಯ್ತು ಅಂತ ಹುಡುಕ್ತಾ ಹೋದ್ರೆ ನಮ್ ಸೀಮೆಯ ಹಳೇ ಚರಿತ್ರೆಯೇ ಬಿಚ್ಚಿಕೊಳ್ತದೆ ಕಣ್ರವ್ವಾ. ಅದನ್ನೇ ಇವತ್ತು ಬರೀತಿದೀನಿ.

ಮುಪ್ಪಿನ ಕಾಲಕ್ಕೆ ಅಂತ ದುಡ್ಡು ಎತ್ತಿಡೋದು ಇವತ್ತಿನ ಸಂಗತಿ ಅಂತ ತಿಳ್ಕೋಬೇಡಿ. ನಮ್ ಹಾಸನ ಜಿಲ್ಲೇಲಿ ಊರೂರಿಗೂ ವೀರಗಲ್ಲು ಅವೆ. ದನ ಕಾಯೋಕೆ ಹೋಗಿ, ಊರು ಉಳಿಸೋಕೆ ಹೋಗಿ ಸತ್ತೋರ ಕಲ್ಲು ಅವು. ಹಂಗೆ ಸತ್ತೋರ ಮನೆಯೋರಿಗೆ ಭೂಮಿ ಬಿಟ್ಟುಕೊಡೋರು, ಅದಕ್ಕೆ ‘ನೆತ್ತರುಕೊಡಗೆ’ ಅಂತ ಹೆಸರು. ನೆತ್ತರು ಕೊಟ್ಟಿದ್ದಕ್ಕೆ ಕೊಟ್ಟ ನೆಲ. ಯೋಚನೆ ಮಾಡಿ ನೋಡಿ, ದುಡಿಯೋ ಗಂಡಸು ಹೋದ್ಮೇಲೆ ಮನೇಲಿ ಉಳಿದೋರು ಏನು ಉಣ್ಣಬೇಕು ಅನ್ನೋ ಪ್ರಶ್ನೆಗೆ ಆ ಕಾಲದೋರು ಕೊಟ್ಟ ಉತ್ತರ ಅದು. ಒಂದ್ಸಲಕ್ಕೆ ಹಣ ಕೊಟ್ಟು ಕೈ ತೊಳ್ಕೊಳ್ಳಲಿಲ್ಲ. ವರ್ಷ ವರ್ಷ ಬೆಳೆ ಕೊಡೋ ನೆಲ ಕೊಟ್ರು.

ಇನ್ನೊಂದು ಶ್ರವಣಬೆಳಗೊಳದ ಶಾಸನಗಳಲ್ಲಿ ಐತೆ. ಗೊಮ್ಮಟಸ್ವಾಮಿಯ ಹಾಲಿನ ಅಭಿಷೇಕಕ್ಕೆ ಅಂತ ಭಕ್ತರು ಗದ್ಯಾಣ, ಹೊನ್ನು ಕೊಡೋರು. ಆ ಹೊನ್ನನ್ನ ಖರ್ಚು ಮಾಡೋ ಹಂಗಿಲ್ಲ. ಅದನ್ನ ಬಡ್ಡಿಗೆ ಬಿಟ್ಟು, ಬಂದ ಬಡ್ಡೀಲಿ ದಿನಾ ಇಷ್ಟು ಹಾಲು ಅಂತ ಕಲ್ಲಲ್ಲಿ ಕೆತ್ತಿಸೋರು. ಅಸಲು ಹಂಗೇ ಇರಬೇಕು, ಹಾಲು ಮಾತ್ರ ನಿಲ್ಲಬಾರ್ದು. ಈಗ ಬ್ಯಾಂಕಿನೋರು ನಮಗೆ ಕೂರಿಸಿಕೊಂಡು ಹೇಳೋ ಪಾಠಾನ ಏಳೆಂಟುನೂರು ವರ್ಷದ ಹಿಂದೆಯೇ ನಮ್ಮೋರು ಬಂಡೆ ಮೇಲೆ ಬರೆದವ್ರೆ.

ಇದನ್ನ ನಾನು ನನ್ ಮಾತಲ್ಲಿ ಗಂಟು, ಒರತೆ ಅಂತ ಕರೀತೀನಿ. ಒಟ್ಟಿಗೆ ಬರೋ ದುಡ್ಡು ಗಂಟು. ತಿಂಗಳು ತಿಂಗಳು ಜಿನುಗೋ ದುಡ್ಡು ಒರತೆ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ಗಾದೇನೇ ಐತಲ್ಲ. ಮುಂದೆ ಹೇಳೋದೆಲ್ಲಾ ಈ ಎರಡರ ಕಥೆಯೇ.

ನಮ್ದು ಮೈಸೂರು ಮಹಾರಾಜರ ಸೀಮೆ. 1881ರಲ್ಲಿ ಇಂಗ್ಲಿಷರು ರಾಜ್ಯಾನ ಒಡೆಯರಿಗೆ ವಾಪಸ್ ಕೊಟ್ರು. ಹತ್ತನೇ ಚಾಮರಾಜೇಂದ್ರ ಒಡೆಯರು ಪಟ್ಟದಲ್ಲಿ ಇದ್ರು. 1883ರಿಂದ 1901ರವರೆಗೆ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಕಚೇರಿ, ಸ್ಕೂಲು, ರೈಲು ಅಂತ ಸರ್ಕಾರಿ ನೌಕರಿ ಬೆಳೆದಿದ್ದು ಆಗಲೇ. ಅಲ್ಲೀವರೆಗೆ ನಮ್ ಜನಕ್ಕೆ ಮುಪ್ಪಿನ ಆಸರೆ ಅಂದ್ರೆ ಹೊಲ, ದನ, ಗಂಡುಮಕ್ಕಳು. ನೌಕರಿಯೋನು ಹೊಲ ಬಿಟ್ಟು ಊರೂರು ವರ್ಗ ಆಗಿ ತಿರುಗ್ತಾನೆ, ಅವನು ಸತ್ರೆ ಹಿಂದೆ ಏನೂ ಇರಲ್ಲ. ಅದಕ್ಕೇ 1891ರಲ್ಲಿ ಮೈಸೂರು ಸರ್ಕಾರ ತನ್ನ ನೌಕರರಿಗೆ ಅಂತ ವಿಮೆ ಶುರು ಮಾಡ್ತು. ಸಂಬಳದಲ್ಲೇ ಹಿಡಿದುಕೊಳ್ಳೋದು, ನಿವೃತ್ತಿಗೆ ಇಲ್ಲಾ ಸತ್ರೆ ಕೊಡೋದು. ಅದೇ ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ನಾವೆಲ್ಲಾ ಬಾಯ್ತುಂಬ ಕೆಜಿಐಡಿ ಅಂತೀವಲ್ಲ ಅದು. ಎಲ್ಐಸಿ ಹುಟ್ಟಿದ್ದು 1956ರ ಸೆಪ್ಟೆಂಬರ್ 1ಕ್ಕೆ, 245 ಖಾಸಗಿ ವಿಮಾ ಸಂಸ್ಥೆಗಳನ್ನ ಒಟ್ಟು ಮಾಡಿ. ಅದಕ್ಕಿಂತ 65 ವರ್ಷ ಮೊದಲೇ ನಮ್ ಸೀಮೆಯ ಗುಮಾಸ್ತನ ಹೆಸರಲ್ಲಿ ಒಂದು ಪಾಲಿಸಿ ಇತ್ತು.

ಅಂಚೆ ಕಥೆಯೂ ಚೆನ್ನಾಗೈತೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಮೈಸೂರು ಅಂಚೆ ನಮಗೇ ಅಂತ ಪ್ರತ್ಯೇಕವಾಗಿ ಇತ್ತು. 1889ರಲ್ಲಿ ಅದನ್ನ ಇಂಗ್ಲಿಷರ ಅಂಚೆಗೆ ಸೇರಿಸಿದ್ರು. ಆ ಅಂಚೇಲಿ 1882ರಿಂದಲೇ ಉಳಿತಾಯ ಖಾತೆ ನಡೀತಿತ್ತು. ಬ್ಯಾಂಕು ಅನ್ನೋದು ಬಂದಿದ್ದು ಇನ್ನೂ ತಡ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಹುಟ್ತು. 2017ರ ಏಪ್ರಿಲ್ 1ಕ್ಕೆ ಅದು ಸ್ಟೇಟ್ ಬ್ಯಾಂಕಿನಲ್ಲಿ ಲೀನ ಆಯ್ತು. ನಮ್ ಕಡೆ ವಯಸ್ಸಾದೋರು ಈಗಲೂ ‘ಮೈಸೂರು ಬ್ಯಾಂಕಿಗೆ ಹೋಗಿ ಬತ್ತೀನಿ’ ಅಂತಲೇ ಅಂತಾರೆ.

ಈಗ ಹೆಂಗಸರ ವಿಷಯಕ್ಕೆ ಬರೋಣ. ಯಾಕಂದ್ರೆ ಇಲ್ಲೀವರೆಗೂ ಬರೆದದ್ದೆಲ್ಲಾ ದುಡಿಯೋ ಗಂಡಸಿನ ಲೆಕ್ಕ.

ನಮ್ಮವ್ವನ ಅವ್ವ ಹೊಳೆನರಸೀಪುರದ ಕಡೆಯೋರು. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರು. 1958ರಲ್ಲಿ, ಸರ್ವಿಸಿನಲ್ಲಿ ಇರೋವಾಗಲೇ, ಜ್ವರ ಬಂದು ತೀರ್ಕೊಂಡ್ರು. ಅಜ್ಜಿಗೆ ಆಗ ಮೂವತ್ತು ದಾಟಿರಲಿಲ್ಲ, ನಾಕು ಮಕ್ಕಳು. ತಾತನ ಹೆಸರಲ್ಲಿ ವಿಮೆ ಇತ್ತು, ಅದರ ದುಡ್ಡು ಬಂತು. ಅದು ಗಂಟು. ಅದರಲ್ಲಿ ಸೂರಿಗೆ ಹೆಂಚು ಹಾಕಿಸಿದ್ರು, ತಾತನ ಕಾಯಿಲೆ ಸಾಲ ತೀರಿಸಿದ್ರು, ದೊಡ್ಡಮ್ಮನ ಮದುವೆ ಮಾಡಿದ್ರು. ಅಲ್ಲಿಗೆ ಮುಗೀತು. ತಿಂಗಳಿಗೆ ಅಂತ ಒಂದು ಬಿಡಿಗಾಸೂ ಬರಲಿಲ್ಲ. ಉಳಿದ ನಲವತ್ತು ವರ್ಷ ಅಜ್ಜಿ ಎರಡು ಎಮ್ಮೆ ಕಟ್ಟಿಕೊಂಡು, ಹಪ್ಪಳ ಸಂಡಿಗೆ ಮಾಡಿ, ರಾಗಿ ಬೀಸಿ ಕೊಟ್ಟು ಬದುಕಿದ್ರು.

ಹಂಗಂತ ಹೆಂಗಸಿಗೆ ಹಕ್ಕೇ ಇರಲಿಲ್ಲ ಅಂತ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲೇ ಮೈಸೂರಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಆಗಿತ್ತು. ಮನೆ ಪಾಲಾಗೋವಾಗ ವಿಧವೆಗೂ ತಾಯಿಗೂ ಮದುವೆ ಆಗದ ಹೆಣ್ಣುಮಗಳಿಗೂ ಪಾಲು ಅಂತ ಅದರಲ್ಲಿತ್ತು. ಇಡೀ ದೇಶದಲ್ಲಿ ಹಂಗೆ ಮುಂದೆ ಹೋಗಿದ್ದ ಸೀಮೆ ಬೆರಳೆಣಿಕೆ. ಆದ್ರೆ ಪುಸ್ತಕದಲ್ಲಿ ಹಕ್ಕು ಇದ್ರೆ ಸಾಕಾ? ಕೇಳೋ ಬಾಯಿ ಬೇಕಲ್ಲ. ಮೈದುನರ ಎದುರು ಸೆರಗು ಸರಿ ಮಾಡ್ಕೊಂಡು ನಿಲ್ಲೋ ಕಾಲದಲ್ಲಿ ಪಾಲು ಕೇಳೋಳು ಯಾರು.

ಬದಲಾವಣೆ ಬಂದಿದ್ದು 1964ರಲ್ಲಿ. ಕೇಂದ್ರದಲ್ಲೂ, ನಮ್ ಮೈಸೂರು ರಾಜ್ಯದಲ್ಲೂ ಆ ವರ್ಷ ಕುಟುಂಬ ಪಿಂಚಣಿ ನಿಯಮ ಆಯ್ತು. ನೌಕರ ತೀರಿಕೊಂಡ್ರೆ ಹೆಂಡತಿಗೆ ಬದುಕಿರೋವರೆಗೂ ತಿಂಗಳ ದುಡ್ಡು. ಅಜ್ಜಿಯ ಪಾಲಿಗೆ ಅದು ಆರು ವರ್ಷ ತಡ ಆಯ್ತು.

ನಮ್ಮತ್ತೆಯ ಕಥೆ ಬೇರೆ. ಮಾವನೂ ಮೇಷ್ಟ್ರೇ. 1991ರಲ್ಲಿ, ನಿವೃತ್ತಿಗೆ ಎರಡು ವರ್ಷ ಇರೋವಾಗ ಹೋದ್ರು. ಅತ್ತೆ ಓದಿದ್ದು ಮೂರನೇ ಕ್ಲಾಸು. ಆದ್ರೆ ತಿಂಗಳ ಮೊದಲ ವಾರ ಬಂತು ಅಂದ್ರೆ ಒಗೆದ ಸೀರೆ ಉಟ್ಟು ಹಾಸನದ ಬಸ್ಸು ಹತ್ತೋರು. ವಾಪಸ್ ಬರೋವಾಗ ಮೊಮ್ಮಕ್ಕಳಿಗೆ ಖಾರದ ಕಡ್ಲೆ, ತಮಗೊಂದು ಎಲೆಅಡಿಕೆ ಕಟ್ಟು. ಮನೇಲಿ ಯಾರೂ ಅವರಿಗೆ ಎದುರು ಮಾತಾಡಿದ್ದು ನಾನು ನೋಡಲಿಲ್ಲ. ಅದು ಬರೀ ಸೊಸೆಯಂದಿರ ಒಳ್ಳೇತನ ಅಲ್ಲ ಕಣ್ರೇ. ಅವರ ಸೆರಗಿನ ಗಂಟಲ್ಲಿ ಅವರದೇ ದುಡ್ಡಿತ್ತು. ಅಜ್ಜಿಗೂ ಅತ್ತೆಗೂ ಇದ್ದ ವ್ಯತ್ಯಾಸ ಬುದ್ಧಿವಂತಿಕೇದಲ್ಲ, ದುಡಿಮೇದಲ್ಲ. ನಡುವೆ ಬಂದ ಒಂದು ನಿಯಮದ್ದು.

ಗಂಟಿನ ಇನ್ನೊಂದು ಕಥೆ ನಮ್ ಶೆಟ್ಟಿಹಳ್ಳಿದು. ಹೊರಗಿನೋರಿಗೆ ಶೆಟ್ಟಿಹಳ್ಳಿ ಅಂದ್ರೆ ಮುಳುಗೋ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಆಗಿ, 1979ರಲ್ಲಿ ಕೆಲಸ ಮುಗಿದ ಮೇಲೆ, ಮಳೆಗಾಲದಲ್ಲಿ ನೀರೊಳಗೆ, ಬೇಸಿಗೇಲಿ ನೀರಾಚೆ. ಫೋಟೋ ತೆಗೆಯೋರು ಗೋಡೆ ನೋಡ್ತಾರೆ. ಸುತ್ತ ಮುಳುಗಿದ್ದು ಗದ್ದೆ, ಅದು ಫೋಟೋದಲ್ಲಿ ಬರಲ್ಲ. ಹೊಳೆದಂಡೆಯ ಗದ್ದೆ ವರ್ಷ ವರ್ಷ ಭತ್ತ ಕೊಡೋ ಒರತೆ. ಅದಕ್ಕೆ ಬದಲಾಗಿ ಬಂದ ಪರಿಹಾರ ಗಂಟು. ಅತ್ತೆ ಹೇಳೋರು, ಜನ ಅಷ್ಟು ದುಡ್ಡು ಒಟ್ಟಿಗೆ ಎಂದೂ ಕಂಡೋರಲ್ಲ ಅಂತ. ಕೆಲವರು ಅದರಲ್ಲಿ ಬೇರೆ ಕಡೆ ಹೊಲ ತಗೊಂಡ್ರು. ಗಂಟನ್ನ ಮತ್ತೆ ಒರತೆ ಮಾಡ್ಕೊಂಡ್ರು. ಅವರ ಮಕ್ಕಳು ಇವತ್ತೂ ಆಲೂಗೆಡ್ಡೆ, ಜೋಳ, ಶುಂಠಿ ಬೆಳೀತಾ ಅವ್ರೆ. ಕೆಲವರು ಮನೆ ಕಟ್ಟಿ, ಮದುವೆ ಮಾಡಿ, ಉಳಿದಿದ್ದನ್ನ ನೆಂಟರಿಗೆ ಕೈಗಡ ಕೊಟ್ರು. ಐದು ವರ್ಷಕ್ಕೆ ಅವರು ಕೂಲಿಗೆ ಹೊಂಟಿದ್ರು. ಇಬ್ಬರೂ ಕೆಟ್ಟೋರಲ್ಲ, ಇಬ್ಬರಿಗೂ ಬಂದಿದ್ದು ಅದೇ ತರದ ದುಡ್ಡು. ನಿವೃತ್ತಿ ದಿನ ಬರೋ ಗ್ರಾಚ್ಯುಟಿ, ಕೆಜಿಐಡಿ, ರಜೆ ಸಂಬಳ ಎಲ್ಲಾ ಕೂಡ ಹಿಂಗೇ ಬರೋ ಗಂಟು. ಅದಕ್ಕೇ ಈ ಕಥೆ ನಮ್ ಮನೇಲಿ ಈಗ ಮತ್ತೆ ಮತ್ತೆ ಬತ್ತಾ ಐತೆ.

ಹೊಲದ ಮನೆಯೋರ ಮುಪ್ಪಿನ ಬಗ್ಗೆ ಸರ್ಕಾರ ಯೋಚನೆ ಮಾಡಿದ್ದು ಇನ್ನೂ ತಡವಾಗಿ. ತೋಟ, ಕಾರ್ಖಾನೆ ಕೆಲಸದೋರಿಗೆ 1952ರ ಭವಿಷ್ಯನಿಧಿ ಕಾಯ್ದೆ ಬಂತು, ಸಕಲೇಶಪುರದ ಕಾಫಿ ತೋಟದ ಎಷ್ಟೋ ಜನಕ್ಕೆ ಪಿಎಫ್ ಅನ್ನೋ ಪದ ಗೊತ್ತಾಗಿದ್ದು ಹಂಗೆ. ಆದ್ರೆ ಸ್ವಂತ ಹೊಲದಲ್ಲಿ ದುಡಿಯೋಳಿಗೆ ಯಾರು ಪಿಎಫ್ ಹಿಡೀತಾರೆ? ಕೇಂದ್ರದ ವೃದ್ಧಾಪ್ಯ ವೇತನ 1995ರಲ್ಲಿ, ನಮ್ ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ. ಸಂಧ್ಯಾ ಸುರಕ್ಷಾ ಶುರುವಾದಾಗ ತಿಂಗಳಿಗೆ 400 ರೂಪಾಯಿ, ಈಗ 1,200. ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟಿನಿಂದ. ಸಣ್ಣ ಮೊತ್ತ ಅಂತ ಮೂಗು ಮುರಿಯೋರು ಅವ್ರೆ. ನಮ್ಮಜ್ಜಿಯ ನಲವತ್ತು ವರ್ಷ ನೆನೆಸಿಕೊಂಡ್ರೆ ನನಗೆ ಹಂಗನ್ನೋಕೆ ಬಾಯಿ ಬರಲ್ಲ.

ಆದ್ರೆ ಹೊಲದ ಮನೆ ಹೆಂಗಸರು ಸರ್ಕಾರಕ್ಕೆ ಕಾದು ಕೂತೋರಲ್ಲ. ಸಾಸಿವೆ ಡಬ್ಬಿ, ಅಕ್ಕಿ ಮಡಕೆ, ಚೀಟಿ, ಕಿವಿಯೋಲೆ, ಇವೇ ಅವರ ಖಜಾನೆ. 1974ರ ಆಚೆಗೆ ಹಾಲಿನ ಡೈರಿ ಊರೂರಿಗೆ ಬಂದ್ಮೇಲೆ ಬಟವಾಡೆ ದುಡ್ಡು ಕೈಗೆ ಬಂತು. 2000ದಿಂದ ಸ್ತ್ರೀಶಕ್ತಿ ಸಂಘ. ನನ್ ತಂಗಿ ಮೂರು ಹಸು ಹಾಲಲ್ಲಿ ಒಂದು ಹಸೂದು ಮುಟ್ಟಲ್ಲ. ಅದು ‘ನಾನು ಮುದುಕಿ ಆದಾಗಿಂದು’ ಅಂತಾಳೆ, ತಿಂಗಳು ತಿಂಗಳು ಪೋಸ್ಟಾಫೀಸಿನ ಆರ್‌ಡಿಗೆ ಹಾಕ್ತಾಳೆ. ಬೆಳಗೊಳದ ಶಾಸನ ಅವಳು ಓದಿಲ್ಲ, ಆದ್ರೆ ಲೆಕ್ಕ ಅದೇ.

ಇನ್ನು ನಮ್ಮನೆಯವರಿಗೂ ಮೈದುನನಿಗೂ ನಡುವಿನ ಗೆರೆ. ಆ ಗೆರೆ ಹೆಸರು 2006ರ ಏಪ್ರಿಲ್ 1. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಹೊಸ ಪಿಂಚಣಿ ಪದ್ಧತಿ ತಂತು, ಅದೇ ಎನ್‌ಪಿಎಸ್. ನಮ್ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದೋರಿಗೆ. ಅದಕ್ಕೆ ಮೊದಲು ಸೇರಿದೋರಿಗೆ ಪೂರ್ತಿ ಸರ್ವಿಸ್ ಇದ್ರೆ ಕೊನೇ ಸಂಬಳದ ಅರ್ಧ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಗಂಡ ಹೋದ್ಮೇಲೆ ಹೆಂಡತಿಗೆ ಸಾಮಾನ್ಯವಾಗಿ ಕೊನೇ ಸಂಬಳದ ನೂರಕ್ಕೆ 30. ಬೆಲೆ ಏರಿದಂಗೆ ಅದೂ ಏರುತ್ತೆ. ಮೈದುನನದು ಹಂಗಲ್ಲ. ಅವರ ಸಂಬಳದಲ್ಲಿ ನೂರಕ್ಕೆ 10 ಹಿಡಿದು, ಸರ್ಕಾರ ತನ್ನ ಪಾಲು ಸೇರಿಸಿ, ಷೇರು ಸಾಲಪತ್ರ ಅಂತ ಹೂಡ್ತಾರೆ. 60 ವರ್ಷಕ್ಕೆ ಒಟ್ಟಾದ ಗಂಟಿನಲ್ಲಿ ಕನಿಷ್ಠ ನೂರಕ್ಕೆ 40 ಭಾಗ ವಿಮಾ ಕಂಪನಿಗೆ ಕೊಟ್ಟು ತಿಂಗಳ ವರಮಾನ ಕೊಂಡುಕೊಳ್ಳಬೇಕು, ಉಳಿದಿದ್ದು ಕೈಗೆ. ಹಂಗೆ ಕೊಂಡ ವರಮಾನ ಸಾಮಾನ್ಯವಾಗಿ ಒಂದೇ ಸಮ ಇರುತ್ತೆ, ತುಟ್ಟಿಭತ್ಯೆ ಸೇರಲ್ಲ. ಇವತ್ತು ಸಾಕಾಗೋ ದುಡ್ಡು ಹದಿನೈದು ವರ್ಷಕ್ಕೆ ಗ್ಯಾಸು, ಮಾತ್ರೆಗೂ ಸಾಲದೆ ಹೋಗಬಹುದು.

ಈ ದಿನಾಂಕದ ಗೆರೆ ಅನ್ನೋದು ಹೊಸದಲ್ಲ. ಹಿಂದೆ ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕ ಉತ್ತಮ ಮಾಡಿ, 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತಿ ಆದೋರಿಗೆ ಮಾತ್ರ ಅಂದಿತ್ತು. ಅದಕ್ಕೆ ಮುಂಚೆ ನಿವೃತ್ತಿ ಆಗಿದ್ದ ಡಿ.ಎಸ್. ನಕಾರಾ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದ್ರು. 1982ರ ಡಿಸೆಂಬರ್ 17ರಂದು ಐದು ಜನ ನ್ಯಾಯಾಧೀಶರ ಪೀಠ ತೀರ್ಪು ಕೊಡ್ತು. ಪಿಂಚಣಿ ದಾನ ಅಲ್ಲ, ದುಡಿದು ಸಂಪಾದಿಸಿದ್ದು ಅನ್ನೋದು ಅದರ ಸಾರ. ಅದಕ್ಕೇ ಡಿಸೆಂಬರ್ 17ನ್ನ ಪಿಂಚಣಿದಾರರ ದಿನ ಅಂತ ಆಚರಿಸ್ತಾರೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಕುಟುಂಬ ಪಿಂಚಣಿ ತಗೊಳ್ಳೋ ಎಷ್ಟೋ ಹೆಂಗಸರು ಬ್ಯಾಂಕಿನ ಕಿಟಕಿ ಮುಂದೆ ಭಿಕ್ಷೆ ಕೇಳೋರ ತರ ಕುಗ್ಗಿ ನಿಲ್ತಾರೆ. ನಿಲ್ಲಬೇಡ್ರವ್ವಾ. ಗಂಡನ ದುಡಿಮೇಲಿ ನೀವು ಬೇಯಿಸಿ ಹಾಕಿದ ಅನ್ನಾನೂ ಐತೆ.

ಹಳೇ ಲೆಕ್ಕ ಇಟ್ಕೊಂಡು ಹೊಸ ಕಾಲಕ್ಕೆ ಹೋಗಬಾರ್ದು ಅನ್ನೋದಕ್ಕೆ ಇನ್ನೊಂದು ಉದಾಹರಣೆ. ಕಿಸಾನ್ ವಿಕಾಸ ಪತ್ರ 1988ರಲ್ಲಿ ಬಂದಾಗ ಐದೂವರೆ ವರ್ಷಕ್ಕೆ ದುಡ್ಡು ಎರಡರಷ್ಟು. ಅತ್ತೆ ಮಾವನ ಗ್ರಾಚ್ಯುಟಿಯ ಒಂದು ಭಾಗ ಅದರಲ್ಲಿಟ್ಟು ಮೈದುನನ್ನ ಓದಿಸಿದ್ರು. 2023ರಲ್ಲಿ ಅದೇ ಪತ್ರಕ್ಕೆ ಎರಡರಷ್ಟು ಆಗೋಕೆ 115 ತಿಂಗಳು, ಅಂದ್ರೆ ಒಂಬತ್ತೂವರೆ ವರ್ಷ ಮೇಲೆ. ‘ಅತ್ತೆ ಕಾಲದಲ್ಲಿ ಆಯ್ತಲ್ಲ’ ಅಂತ ನಂಬಿ ಕೂತ್ರೆ ಲೆಕ್ಕ ತಪ್ಪುತ್ತೆ.

ಹಿಂಗಾಗಿ ಕೊನೇ ಮೂರ್ನಾಕು ವರ್ಷದಲ್ಲಿ ಏನು ಮಾಡಬೇಕು ಅನ್ನೋದು ಈ ಚರಿತ್ರೆಯಿಂದಲೇ ನನಗೆ ಹೊಳೆದಿದ್ದು. ನಮ್ಮನೇಲಿ ಮಾಡ್ತಿರೋದನ್ನ ಹೇಳ್ತೀನಿ.

ಮೊದಲನೇದು ಸಾಲ. ಮನೆ ಸಾಲದ ಕೊನೇ ಕಂತು ಸಂಬಳ ಇರೋವಾಗಲೇ ಮುಗೀಬೇಕು ಅಂತ ಕಂತು ಜಾಸ್ತಿ ಮಾಡಿದೀವಿ. ಎರಡನೇದು ಗಂಟು. ಬರೋದ್ರಲ್ಲಿ ಎಷ್ಟು ಒರತೆ ಆಗಬೇಕು ಅಂತ ಈಗಲೇ ಬರೆದಿಟ್ಟಿದೀವಿ, ಬಂದ ದಿನ ಯೋಚನೆ ಮಾಡೋದಲ್ಲ. ಅಂಚೆಯ ಹಿರಿಯ ನಾಗರಿಕರ ಯೋಜನೆ 2004ರಿಂದ ಐತೆ. ಅದರ ಮಿತಿ 2023ರ ಏಪ್ರಿಲಿನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಆಗ ನಿಗದಿ ಆದ ಬಡ್ಡಿ ನೂರಕ್ಕೆ 8.2. ಆ ಲೆಕ್ಕದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ, ತಿಂಗಳಿಗೆ ಹೆಚ್ಚುಕಮ್ಮಿ 6,800. ಬಡ್ಡಿ ದರ ಬದಲಾಗ್ತಿರುತ್ತೆ, ಹಾಕೋ ದಿನ ಕೇಳ್ಕೊಂಡು ಹಾಕಿ. ಬ್ಯಾಂಕಲ್ಲಿ ಇಡೋದಾದ್ರೆ ಒಂದೇ ಬ್ಯಾಂಕಲ್ಲಿ ಎಲ್ಲಾ ಬೇಡ. ಠೇವಣಿಗೆ ವಿಮೆ ಅಂತ 1962ರಲ್ಲಿ ಶುರುವಾದಾಗ 1,500 ರೂಪಾಯಿವರೆಗೆ ಇತ್ತು, 2020ರ ಫೆಬ್ರವರಿಯಿಂದ 5 ಲಕ್ಷ. ಅದಕ್ಕಿಂತ ಮೇಲಿನದಕ್ಕೆ ಆ ಆಸರೆ ಇಲ್ಲ. ಚೀಟಿ ಹಾಕೋ ಅಭ್ಯಾಸ ಇರೋರು ಮುಪ್ಪಿನ ದುಡ್ಡನ್ನ ಮಾತ್ರ ಅದಕ್ಕೆ ಸುರೀಬೇಡಿ.

ಮೂರನೇದು ಕಾಗದ. ಸರ್ವಿಸ್ ರಿಜಿಸ್ಟರಲ್ಲಿ ನನ್ ಹೆಸರು, ಆಧಾರಲ್ಲಿ ನನ್ ಹೆಸರು, ಬ್ಯಾಂಕಲ್ಲಿ ನನ್ ಹೆಸರು ಮೂರೂ ಒಂದೇ ತರ ಐತಾ ಅಂತ ನೋಡಿದ್ವಿ. ನಾಮಿನಿ ಯಾರು ಅಂತ ಪ್ರತಿ ಪಾಲಿಸೀಲೂ ಕೇಳಿದೆ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸೀಲಿ ಅಮ್ಮನ ಹೆಸರೇ ಉಳಿದಿರೋದು ಎಷ್ಟೋ ಮನೇಲಿ ಕಂಡಿದೀನಿ. ಪಿಂಚಣೀಲಿ ಮೂರನೇ ಒಂದು ಭಾಗ ಮಾರಿ ಗಂಟು ತಗೋಬಹುದು, ತಗೊಂಡ್ರೆ 15 ವರ್ಷ ತಿಂಗಳ ಪಿಂಚಣಿ ಅಷ್ಟು ಕಮ್ಮಿ. ತಗೋಬೇಕಾ ಬೇಡ್ವಾ ಅಂತ ಇಬ್ಬರೂ ಕೂತು ತೀರ್ಮಾನ ಮಾಡ್ತಿದೀವಿ. ನಮ್ ಓರಗಿತ್ತಿಗೆ ಹೇಳಿದ್ದು ಒಂದೇ ಮಾತು: ಮೈದುನ ವರಮಾನ ಕೊಂಡುಕೊಳ್ಳೋವಾಗ ಬರೀ ಅವರ ಜೀವಕ್ಕೆ ಮಾತ್ರ ಇರೋದು, ಅವರ ನಂತರ ಹೆಂಡತಿಗೂ ಮುಂದುವರಿಯೋದು ಅಂತ ಬೇರೆ ಬೇರೆ ನಮೂನೆ ಇರುತ್ತೆ. ಮೊದಲನೇದರಲ್ಲಿ ತಿಂಗಳಿಗೆ ಒಂದಿಷ್ಟು ಜಾಸ್ತಿ ಕಾಣುತ್ತೆ. ಆ ಜಾಸ್ತಿಗೆ ಮರುಳಾಗಬೇಡ, ಎರಡನೇದಕ್ಕೆ ಟಿಕ್ ಹಾಕ್ಸು.

ಇದನ್ನೆಲ್ಲಾ ಕೇಳೋಕೆ ನಮ್ ಹೆಂಗಸರಿಗೆ ಒಂದು ಅಡ್ಡಿ ಐತೆ. ‘ನೀವು ಹೋದ್ಮೇಲೆ ನನಗೇನು’ ಅಂತ ಕೇಳಿದ್ರೆ ಅಪಶಕುನ ಅಂತಾರೆ, ಕೈಲಿರೋ ಅರಿಶಿನ ಕುಂಕುಮದ ಮೇಲೆ ಆಣೆ ಇಟ್ಟಂಗೆ ಆಡ್ತಾರೆ. ನೆತ್ತರುಕೊಡಗೆ ಕೊಟ್ಟೋರು ಆ ಪ್ರಶ್ನೆ ಕೇಳಿಕೊಂಡಿದ್ರು. 1891ರಲ್ಲಿ ವಿಮೆ ಮಾಡಿದೋರೂ ಕೇಳಿಕೊಂಡಿದ್ರು. 1964ರಲ್ಲಿ ನಿಯಮ ಬರೆದೋರೂ ಕೇಳಿಕೊಂಡಿದ್ರು. ನಮ್ಮಜ್ಜಿ ಮನೇಲಿ ಮಾತ್ರ ಯಾರೂ ಕೇಳಿರಲಿಲ್ಲ. ನಾನು ಹೋದ ತಿಂಗಳು ಕೇಳ್ದೆ. ನಮ್ಮನೆಯವರು ಒಂದು ಗಳಿಗೆ ಸುಮ್ನಿದ್ರು, ಆಮೇಲೆ ಬೀರು ತೆಗೆದು ಎಲ್ಲಾ ಕಾಗದ ಮುಂದೆ ಹಾಕಿ, ಒಂದೊಂದನ್ನೇ ಓದಿ ಹೇಳಿದ್ರು. ಹೊಸ ನೋಟ್‌ಬುಕ್ಕಲ್ಲಿ ನನ್ ಕೈಬರಹದಲ್ಲೇ ಬರೆದುಕೊಂಡಿದೀನಿ. ನೀವೂ ಒಂದು ನೋಟ್‌ಬುಕ್ ತಗೊಳ್ಳಿ. ರಿಟೈರ್‌ಮೆಂಟಿಗೆ ಹತ್ತು ವರ್ಷ ಇದ್ರೂ ಸರಿ, ಒಂದೇ ವರ್ಷ ಇದ್ರೂ ಸರಿ, ಗಂಡ ಹೊಲ ಉಳೋರಾದ್ರೂ ಸರಿ. ಅದರ ಮೊದಲನೇ ಪುಟದಲ್ಲಿ ತಿಂಗಳಿಗೆ ಎಷ್ಟು ಬರುತ್ತೆ, ಎಲ್ಲಿಂದ ಬರುತ್ತೆ, ಯಾರ ಹೆಸರಿಗೆ ಬರುತ್ತೆ ಅಂತ ಬರೀರಿ. ಗಂಟಿನ ಲೆಕ್ಕ ಎರಡನೇ ಪುಟಕ್ಕೆ ಇರಲಿ.